ಟ್ರಾಲಿ ಬಿಟ್ಟು ಸಂದಿ ನೋಡಿದ ಹುಡುಗ

(ಕಾರಟಗಿ ಕಡೆ ಒಂದು ಕಾಲೇಜಿನ್ಯಾಗ ರಸ್ತೆ ಸುರಕ್ಷತಾ ತಿಂಗಳ ಕಾರ್ಯಕ್ರಮದಾಗ ಮಾತಾಡಿದ್ದು. ಭಾಳ ಮಂದಿ ಬರದು ಕೊಡ್ರಿ ಅಂದ್ರು. ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿದ್ದು ನನ್ನ ಮಗಳು, ನಾ ಅಲ್ಲಲ್ಲಿ ಸರಿ ಮಾಡೀನಿ.)

ಎಲ್ಲರಿಗೂ ನಮಸ್ಕಾರ್ರಿ. ಪ್ರಿನ್ಸಿಪಾಲ್ ಸಾಹೇಬ್ರು ಫೋನ್ ಮಾಡಿದಾಗ ನಾ ಅಂದೆ, ಸರ್ ಆರ್‌ಟಿಓದವ್ರನ್ನ ಕರೀರಿ ಇಲ್ಲಾ ಪೊಲೀಸರನ್ನ ಕರೀರಿ, ನಾ ಗ್ಯಾರೇಜಿನವ, ಕೈಯಾಗ ಪಾನಾ ಹಿಡಿದು ಗೊತ್ತು ಮೈಕ್ ಹಿಡಿದು ಗೊತ್ತಿಲ್ಲ ಅಂತ. ಅವರನ್ನ ವರ್ಷಾ ಕರೀತೀವಿ, ಹುಡುಗ್ರು ಮೊಬೈಲ್ ತಿಕ್ಕೊಂತ ಕೂಡ್ತಾರ, ನೀವು ಬಿದ್ದ ಗಾಡಿ ನೋಡಿ ನೋಡಿ ಬಲ್ಲವ್ರು, ಅದನ್ನ ಹೇಳ್ರಿ ಅಂದ್ರು. ಬಿದ್ದ ಗಾಡಿ ಕಥಿ ನಿಮಗೂ ಗೊತ್ತೈತಿ, ಪ್ರತಿ ಊರಾಗ ಪ್ರತಿ ಓಣ್ಯಾಗ ಒಂದೊಂದ್ ಐತಿ, ಅದನ್ನ ಕೇಳಿ ಅಯ್ಯೋ ಪಾಪ ಅಂದು ಮತ್ತ ಗಾಡಿ ಹತ್ತಿ ಅದ ಸ್ಪೀಡಿಗೆ ಹೊಡ್ಕೊಂಡು ಹೋಗ್ತೀವಿ. ಅದಕ್ಕ ಇವತ್ತ ನಾ ಬೀಳದ ಗಾಡಿ ಬಗ್ಗೆ ಹೇಳ್ತೀನಿ. ಬಡದ ಬಿಡ್ತೈತಿ ಅನ್ನೋ ಹೊತ್ತಿನ್ಯಾಗ ಬಡೀದ ಉಳಿದ ಗಾಡಿ.

ಹೋದ ಡಿಸೆಂಬರ್, ಭತ್ತದ ಕೊಯ್ಲು ಜೋರಿತ್ತು. ಮುಂಜಾನಿ ಅಂಗಡಿ ಶಟರ್ ಎತ್ತೋದ್ರಾಗ ಒಬ್ಬ ಹುಡುಗ ನಿಂತಾನ, ಇಲ್ಲೇ ಒಂದು ಕ್ಯಾಂಪಿನವ (ಕಾಲುವಿ ಕೆಳಗಿನ ಸಣ್ಣ ಊರಿಗೆ ನಮ್ಮ ಕಡೆ ಕ್ಯಾಂಪ್ ಅಂತಾರ), ಹಾಲಿನ ಕ್ಯಾನ್ ಹಾಕ್ಕೊಂಡು ಡೇರಿಗೆ ಹೋಗ್ತಾನ. ಹೆಸರು ಬ್ಯಾಡ, ಅವರ ಅಪ್ಪಗ ಇನ್ನೂ ಪೂರಾ ವಿಷಯ ಗೊತ್ತಿಲ್ಲ. ಕಾಕಾ, ಬಲಗಡಿ ಕನ್ನಡಿ ಒಂದು ಹಾಕಿ ಕೊಡು ಅಂದ. ನೂರು ಸಿಸಿ ಗಾಡಿ, ಏನೂ ಆಗಿಲ್ಲ ನೋಡಾಕ. ಕನ್ನಡಿ ಬುಡಕ್ಕ ಮುರಿದೈತಿ, ಬಲಗೈ ಗ್ರಿಪ್ಪಿನ ತುದಿ ರಬ್ಬರ್ ಉಜ್ಜಿ ಬೆಳ್ಳಗಾಗೇತಿ, ಬ್ರೇಕ್ ಲಿವರ್ ತುದಿಯ ಗುಂಡಿಗೆ ಕೆಂಪು ಪೇಂಟ್ ಹತ್ತೇತಿ. ಟ್ರಾಲಿ ಬಣ್ಣ ಅದು, ನೋಡಿದ ಕೂಡ್ಲೇ ಗೊತ್ತಾತು. ನಾ ಕುಂತು ಕೆಳಗ ನೋಡಿದೆ, ಇಂಜಿನ್ನಿನ ರೆಕ್ಕಿ ಇರ್ತಾವಲ್ಲ ಗಾಳಿ ಹೋಗಾಕ, ಆ ಸಂದ್ಯಾಗ ಭತ್ತದ ಕಾಳು ಸಿಕ್ಕೊಂಡು ಹುರಿದು ಕಂದು ಆಗ್ಯಾವ, ಚೈನ್ ಕವರಿನ ಒಳಗೂ ಭತ್ತ. ಏನೋ ಇದು ಅಂದೆ. ಆವಾಗ ಹೇಳಿದ.

ಹಿಂದಿನ ರಾತ್ರಿ ಸಿಂಧನೂರಿಂದ ಕಾರಟಗಿ ಕಡೆ ಬರಾಕತ್ಯಾನ. ಖಾಲಿ ಕ್ಯಾನು, ಐವತ್ತರ ಸ್ಪೀಡು. ಎದುರಿಂದ ಒಂದು ಬಸ್ಸು ಫುಲ್ ಲೈಟ್ ಹಾಕ್ಕೊಂಡು ಬಂತು, ಇವ ಡಿಮ್ ಡಿಪ್ಪರ್ ಹೊಡದ, ಅದು ಇಳಿಸಲಿಲ್ಲ. ಆ ಬೆಳಕಿನ್ಯಾಗ ಕಣ್ಣು ಕುಕ್ಕಿ ಮುಂದೇನೂ ಕಾಣವಲ್ದು, ಗ್ಯಾಸ್ ಬಿಟ್ಟಾನ, ಕರ್‍ರಗ ಏನೋ ಐತಿ ಅನಿಸ್ತು. ಟ್ರಾಲಿ. ಭತ್ತದ ಚೀಲ ಹೇರಿ ಪಂಚರ್ ಆಗಿ ನಡು ಟಾರಿನ ಮ್ಯಾಲ ನಿಂತೈತಿ, ಹಿಂದ ಲೈಟ್ ಇಲ್ಲ ರೇಡಿಯಂ ಇಲ್ಲ, ಡ್ರೈವರ್ ಜಾಕ್ ತರಾಕ ಹೋಗ್ಯಾನ. ಯಾಕ ಬಾಜೂಕ ಸರಿಸಿಲ್ಲ ಅಂದ್ರ ಬಾಜೂಕ ಜಾಗ ಇದ್ರ ಸರಿಸ್ಬೇಕಲ್ಲ, ಎಡಗಡಿ ಪೂರಾ ಯಾರೋ ಹಗಲೆಲ್ಲ ರೋಡಿನ ಮ್ಯಾಲ ಭತ್ತ ಒಣಗಿಸಿ ಸಂಜಿಕ್ಕ ರಾಶಿ ಮಾಡಿ ತಾಡಪಾಲ್ ಮುಚ್ಚಿ ಸುತ್ತ ಕಲ್ಲು ಇಟ್ಟು ಹೋಗ್ಯಾರ. ಅಂದ್ರ ಬಲಕ್ಕ ಬಸ್ಸು, ಎದುರಿಗೆ ಟ್ರಾಲಿ, ಎಡಕ್ಕ ಕಲ್ಲು. ಟ್ರಾಲಿಗೂ ರಾಶಿಗೂ ನಡುವ ಮೂರು ಫೂಟಿನ ಸಂದಿ, ಹೆಚ್ಚಿಲ್ಲ.

ಅವ ಏನ್ ಮಾಡಿದ, ಎರಡೂ ಬ್ರೇಕ್ ಹಿಡದ, ಗಾಡಿ ನೆಟ್ಟಗ ಇಟ್ಟು ಮುಂದಿನ ಬ್ರೇಕ್ ಹಿಂಡಿಕೋತ ಬಂದ, ಸ್ಪೀಡ್ ಎಲ್ಲಾ ಇಳೀತು, ಇನ್ನೇನು ಟ್ರಾಲಿ ಬಂತು ಅನ್ನೋದ್ರಾಗ ಕೆಳಗ ಚೆಲ್ಲಿದ ಕಾಳು ಕಂಡು ಬ್ರೇಕ್ ಬಿಟ್ಟು ಎಡಕ್ಕ ಆ ಸಂದ್ಯಾಗ ತೂರಿದ. ಕನ್ನಡಿ ಟ್ರಾಲಿಗೆ ತಾಗಿ ಹೋತು. ಆ ಕಡೆ ಹೋಗಿ ನಿಂತ. ಕಾಲು ನೆಲಕ್ಕ ಊರಿದ ಮ್ಯಾಲೆ ನಡುಗಾಕ ಶುರುವಾತಂತ, ಕ್ಯಾನು ಟಣ ಟಣ ಅನ್ನಾಕತ್ತಿದ್ವಂತ ಆ ನಡುಕಕ್ಕ.

ಅವರ ಅವ್ವಗ ಕನ್ನಡಿ ಮುರದದ್ದಷ್ಟ ಹೇಳ್ಯಾನ. ಆಕಿಗೆ ಅಷ್ಟ ಸಾಕಾತು, ಆಯುಷ್ಯ ಗಟ್ಟಿ ಐತಿ ನನ್ನ ಮಗಂದು, ಹನುಮಪ್ಪ ಕಾದ ಅಂತ ಬರೋ ಶನಿವಾರ ಅಂಜನಾದ್ರಿ ಬೆಟ್ಟ ಹತ್ತಿಸಿದ್ಲು, ಅಷ್ಟೂ ಮೆಟ್ಲ. ಹತ್ಲಿ, ಒಳ್ಳೇದ, ನಾನೂ ಹತ್ತೀನಿ. ಆದ್ರ ನಾ ಗಾಡಿ ಬಿಚ್ಚೋನು, ನನಗ ಗಾಡಿ ಬ್ಯಾರೆ ಕಥಿ ಹೇಳ್ತೈತಿ. ಆ ಹುಡುಗ ಆ ರಾತ್ರಿ ಪಾರಾಗಿದ್ದಲ್ಲ. ಪಾರಾಗೋ ಕೆಲಸ ಅವ ದಿನಾ ಮುಂಜಾನಿ ಹಾಲು ಹಾಕಾಕ ಹೋಗೋವಾಗ ಮಾಡಿಟ್ಟಿದ್ದ.

ಹೆಂಗ ಅಂದ್ರ, ಬ್ರೇಕ್ ಡ್ರಮ್ ಬಿಚ್ಚಿ ತೋರಿಸ್ತೀನಿ ಬರ್ರಿ. ನಮ್ಮ ಅಂಗಡಿಗೆ ಬರೋ ಗಾಡಿ ಹತ್ತರಾಗ ಏಳು ಎಂಟಕ್ಕ ಹಿಂದಿನ ಬ್ರೇಕ್ ಶೂ, ಅಂದ್ರ ಡ್ರಮ್ಮಿಗೆ ಒಳಗಿಂದ ಒತ್ತಿ ಗಾಲಿ ನಿಲ್ಸೋ ಪಟ್ಟಿ, ಸವದು ಲೋಹ ಕಾಣ್ತಿರ್ತೈತಿ, ಹಿಂದಿನ ಡ್ರಮ್ಮಿಗೆ ಗೆರಿ ಬಿದ್ದಿರ್ತಾವ. ಮುಂದಿನ ಡ್ರಮ್ ಬಿಚ್ಚಿದ್ರ ಶೂ ಕಂಪನಿಯಿಂದ ಬಂದಂಗ ಐತಿ, ಹೊಳೀತೈತಿ, ಕೇಬಲ್ ತುಕ್ಕು ಹಿಡದು ಲಿವರ್ ಅರ್ಧಕ್ಕ ಸಿಕ್ಕೊಂಡು ನಿಂತಿರ್ತೈತಿ. ಯಾಕೋ ತಮ್ಮಾ ಮುಂದಿನ ಬ್ರೇಕ್ ಹಿಡಿಯಂಗಿಲ್ಲೇನು ಅಂದ್ರ, ಅಯ್ಯ ಕಾಕಾ ಮುಂದಿನ ಬ್ರೇಕ್ ಹಿಡದ್ರ ಬೀಳ್ತಾರ ಅಂತಾನ. ಇದನ್ನ ಅವಗ ಕಲಿಸಿದವ ಅವರಣ್ಣ, ಅವಗ ಕಲಿಸಿದವ ಅವರ ಮಾಮ. ಹಿಂಗ ಇಡೀ ತಾಲೂಕು ನಿಲ್ಲೋ ಬ್ರೇಕ್ ಬಿಟ್ಟು ಜಾರೋ ಬ್ರೇಕಿನ ಮ್ಯಾಲ ಓಡಾಕತ್ತೈತಿ. ಹಿಂದಿನ ಟೈರ್ ನೋಡಿದ್ರೂ ಗೊತ್ತಾಗ್ತೈತಿ, ಒಂದ ಕಡಿ ಚಪ್ಪಟ ಸವದಿರ್ತೈತಿ. ಒತ್ತಿ ಲಾಕ್ ಮಾಡಿ ಎಳದದ್ದು ಅದು.

ಹಾಲಿನ ಹುಡುಗನ ಗಾಡಿ ಹಂಗಲ್ಲ. ಎರಡೂ ಶೂ ಹೆಚ್ಚು ಕಡಿಮಿ ಜೋಡಿ ಸವದಿದ್ವು, ಮುಂದಿಂದು ಒಂದ್ ಕೈ ಹೆಚ್ಚು. ಯಾಕಂದ್ರ ಕ್ಯಾನ್ ಕಟ್ಟಿದ ಗಾಡಿ ಹಿಂದಿನ ಬ್ರೇಕ್ ಒದ್ದು ನಿಲ್ಲಿಸಾಕ ಬರಂಗಿಲ್ರಿ, ಒದ್ರ ಹಿಂದಿನ ಗಾಲಿ ಆ ಕಡೆ ಈ ಕಡೆ ಬಾಲ ಅಳ್ಳಾಡಿಸ್ತೈತಿ, ಕ್ಯಾನಿನ್ಯಾಗ ಹಾಲು ತುಳುಕಿ ಗಾಡಿನ್ನ ಎಳೀತೈತಿ. ಹಂಗಾಗಿ ಹಾಲಿನವ್ರು ಯಾರೂ ಹೇಳಿಕೊಡದ ಮುಂದಿನ ಬ್ರೇಕ್ ನಿಧಾನ ಹಿಂಡೋದು ಕಲ್ತಿರ್ತಾರ. ಜಗ್ಗೋದಲ್ಲ, ಹಿಂಡೋದು. ಬೆರಳಿಗೆ ಆ ರೂಢಿ ಇತ್ತು. ಟ್ರಾಲಿ ಕಂಡ ಹೊತ್ತಿನ್ಯಾಗ ವಿಚಾರ ಮಾಡಾಕ ಟೈಮ್ ಎಲ್ಲಿ ಐತಿ, ಬೆರಳು ತನ್ನ ರೂಢಿ ಮಾಡ್ತು ಅಷ್ಟ.

ಇದಕ್ಕ ಕಾರಣ ಸಣ್ಣದ ಐತಿ. ಓಡೋ ಗಾಡಿ ಬ್ರೇಕ್ ಹಿಡದಾಗ ಭಾರ ಎಲ್ಲಾ ಮುಂದಕ್ಕ ಬರ್ತೈತಿ, ಬಸ್ಸಿನ್ಯಾಗ ನಿಂತಾಗ ಡ್ರೈವರ್ ಬ್ರೇಕ್ ಹೊಡದ್ರ ನೀವು ಮುಂದಕ್ಕ ಹೋಗ್ತೀರಲ್ಲ ಅದ. ಮುಂದಿನ ಗಾಲಿ ರೋಡಿಗೆ ಒತ್ತಿ ಹಿಡೀತೈತಿ, ಹಿಂದಿನ ಗಾಲಿ ಹಗುರ ಆಗ್ತೈತಿ. ಹಗುರ ಆದ ಗಾಲಿಗೆ ಬ್ರೇಕ್ ಹಾಕಿದ್ರ ಅದು ನಿಲ್ಸಂಗಿಲ್ಲ, ಜಾರ್ತೈತಿ. ಒಣಾ ಟಾರ್ ರೋಡಿನ ಮ್ಯಾಲ ಜೋರು ಬ್ರೇಕಿನ್ಯಾಗ ನಿಲ್ಸೋ ಶಕ್ತಿ ಸುಮಾರು 70 ಪರ್ಸೆಂಟ್ ಮುಂದಿನ ಗಾಲಿದು. ಮುಂದಿನ ಬ್ರೇಕ್ ಹಿಡದು ಬಿದ್ದವ್ರು ಅದಾರ, ಇಲ್ಲ ಅನ್ನಂಗಿಲ್ಲ, ಆದ್ರ ಅವರು ಬಿದ್ದದ್ದು ಉಸುಕಿನ ಮ್ಯಾಲ, ಇಲ್ಲಾ ಹ್ಯಾಂಡಲ್ ಹೊರಳಿಸಿದಾಗ ಹಿಡದು, ಇಲ್ಲಾ ಗಾಬರಿಗೆ ಒಮ್ಮೆಲೇ ಜಗ್ಗಿ. ಆ ಹುಡುಗ ಟಾರ್ ಮ್ಯಾಲ ಹಿಡದ, ನೆಟ್ಟಗ ಹಿಡದ, ಕಾಳು ಬಂದ ಕೂಡ್ಲೇ ಬಿಟ್ಟ. ಟಾರಿನ ಮ್ಯಾಲ ಬಿದ್ದ ಭತ್ತ ಅಂದ್ರ ಬೇರಿಂಗಿನ ಗುಂಡು ಚೆಲ್ಲಿದಂಗ, ಅದರ ಮ್ಯಾಲ ಮುಂದಿನ ಬ್ರೇಕ್ ಹಿಡದಿದ್ರ ಮಖಾ ನೆಲಕ್ಕ.

ನನ್ನ ಅಳಿಯ ಫಿಸಿಕ್ಸ್ ಮಾಸ್ತರ ಅದಾನ. ಮರುದಿನ ಆ ಜಾಗಕ್ಕ ಹೋಗಿ ಹೆಜ್ಜಿ ಹಾಕಿ ಅಳದ್ವಿ, ಹುಡುಗ ಇಲ್ಲಿಂದ ಕಂಡಿತ್ತು ಅಂತ ತೋರಿಸಿದ್ದಕ್ಕೂ ಟ್ರಾಲಿ ನಿಂತಿದ್ದಕ್ಕೂ ಸುಮಾರು 35 ಮೀಟರ್. ಅಳಿಯ ಲೆಕ್ಕ ಹಾಕಿದ. 50ರ ಸ್ಪೀಡ್ ಅಂದ್ರ ಸೆಕೆಂಡಿಗೆ 14 ಮೀಟರ್ ಹತ್ರ. ಕಣ್ಣು ನೋಡಿ, ತಲಿಗೆ ಹತ್ತಿ, ಕೈ ಬ್ರೇಕಿಗೆ ಹೋಗೂತನ ಹೆಚ್ಚು ಕಡಿಮಿ ಒಂದು ಸೆಕೆಂಡ್ ಬೇಕು, ಹುಷಾರಿ ಇದ್ದವಗೂ. ಅಲ್ಲಿಗೆ 14 ಹೋತು, ಉಳದದ್ದು 21. ಎರಡೂ ಬ್ರೇಕ್ ಚೊಲೋ ಹಿಡದ್ರ 50ರಾಗ ಇದ್ದ ಗಾಡಿ 19-20 ಮೀಟರಿನ್ಯಾಗ ನಿಲ್ತೈತಿ. ನೋಡ್ರಿ ಎಷ್ಟು ಬಿಗಿ ಲೆಕ್ಕ. ಹಿಂದಿಂದು ಒಂದ ಒತ್ತಿದ್ರ 30 ಮೀಟರ್ ದಾಟ್ತೈತಿ, ಅಂದ್ರ ಅವ ಹೆಚ್ಚು ಕಡಿಮಿ 30ರ ಸ್ಪೀಡಿನ್ಯಾಗ ಹೋಗಿ ಚೀಲದ ಟ್ರಾಲಿಗೆ ಎದಿ ಕೊಡ್ತಿದ್ದ.

ಆಮ್ಯಾಲೆ ಅಳಿಯ ಇನ್ನೊಂದು ಲೆಕ್ಕ ಹೇಳಿದ, ಅದನ್ನ ಕೇಳಿ ನಾ ಪಾನಾ ಕೆಳಗ ಇಟ್ಟೆ. ಇಲ್ಲಿ ಕುಂತ ಹುಡುಗ್ರಿಗೆ ಕೇಳ್ತೀನಿ. ಇಬ್ಬರು ಜೋಡಿ ಹೊಂಟಾರ, ಒಬ್ಬ 60ರಾಗ ಒಬ್ಬ 80ರಾಗ, ಒಂದ ನಮೂನಿ ಗಾಡಿ, ಒಂದ ನಮೂನಿ ಬ್ರೇಕು. ಇಬ್ಬರಿಗೂ ಒಂದ ಹೊತ್ತಿನ್ಯಾಗ ಮುಂದ ಟ್ರಾಲಿ ಕಾಣ್ತು, ಇಬ್ಬರೂ ಒಂದ ಸೆಕೆಂಡಿಗೆ ಬ್ರೇಕ್ ಹಿಡದ್ರು. 60ರವ ಟ್ರಾಲಿಗೆ ಇನ್ನೇನು ಮುಟ್ಟಬೇಕು ಅನ್ನೋ ಜಾಗಕ್ಕ ಬರೋಬ್ಬರಿ ನಿಂತ. 80ರವ ಆ ಜಾಗಕ್ಕ ಬಂದಾಗ ಅವನ ಸ್ಪೀಡ್ ಎಷ್ಟಿರ್ತೈತಿ? (ಹಿಂದಿಂದ ಒಬ್ಬ "ಇಪ್ಪತ್ತು" ಅಂದ.) ಎಲ್ಲಾರೂ ಇಪ್ಪತ್ತು ಅಂತಾರ, ಎಂಬತ್ತರಾಗ ಅರವತ್ತು ಕಳದು. ಇಲ್ರಿ. ಅವನ ಸ್ಪೀಡ್ ಹೆಚ್ಚು ಕಡಿಮಿ 60 ಇರ್ತೈತಿ. ಅರವತ್ತು! ಒಬ್ಬ ನಿಂತು ಬೀಡಿ ಹಚ್ಚೋ ಜಾಗದಾಗ ಇನ್ನೊಬ್ಬ ಅರವತ್ತರಾಗ ಟ್ರಾಲಿಗೆ ಹೊಡೀತಾನ. ಯಾಕಂದ್ರ ಸ್ಪೀಡ್ ಎರಡು ಪಟ್ಟು ಆದ್ರ ಬ್ರೇಕ್ ಹಿಡದ ಮ್ಯಾಲೆ ನಿಲ್ಲೋ ದೂರ ನಾಕು ಪಟ್ಟು ಆಗ್ತೈತಿ, ಮ್ಯಾಲಿಂದ ಆ ಒಂದು ಸೆಕೆಂಡಿನ್ಯಾಗ 80ರವ 22 ಮೀಟರ್ ಪುಕಸಟ್ಟೆ ಮುಂದ ಹೋಗಿರ್ತಾನ, 60ರವ 17ರ ಹತ್ರ. ನಂಬಿಕಿ ಬರ್ಲಿಲ್ಲಂದ್ರ ನಿಮ್ಮ ಮಾಸ್ತರಿಗೆ ಕೇಳಿ ಬೋರ್ಡಿನ ಮ್ಯಾಲ ಹಾಕಿಸ್ರಿ. ನಾ ಮೂರು ಸಲ ಹಾಕಿಸೀನಿ ಅಳಿಯನ ಕಡಿಂದ, ಮೂರು ಸಲಾನೂ ಅದ ಬಂತು.

ಹಂಗ ನೋಡಿದ್ರ ರಾತ್ರಿ ನಮ್ಮ ಸಣ್ಣ ಗಾಡಿ ಡಿಮ್ ಲೈಟಿನ್ಯಾಗ ಬಣ್ಣ ಹೋದ ಟ್ರಾಲಿ, ಕರೇ ಎಮ್ಮಿ ಕಾಣೋದು ಸುಮಾರು 40 ಮೀಟರ್, ಭಾಳ ಅಂದ್ರ 50. 80ರಾಗ ಹೊಂಟವಗ ನಿಲ್ಲಾಕ ಅದಕ್ಕಿಂತ ಹೆಚ್ಚು ಬೇಕು. ಅಂದ್ರ ಅವ ಕಣ್ಣು ಮುಚ್ಚಿಕೊಂಡು ಹೊಂಟಂಗ, ಲೈಟ್ ಇದ್ದದ್ದು ಬರೇ ಬಡದದ್ದು ಏನು ಅಂತ ನೋಡಾಕ. ಇದು ಕಠೋರ ಮಾತು ಅನ್ನಿಸಬೋದು, ಆದ್ರ ಲೆಕ್ಕ ಹಂಗ ಐತಿ.

ಈ ವಿಷಯದ ಮ್ಯಾಲ ಹಳೇ ಕಾಲದಾಗ ಅಮೆರಿಕದಾಗ ಒಂದು ದೊಡ್ಡ ಕೆಲಸ ಆಗೇತಿ, ಹ್ಯಾರಿ ಹರ್ಟ್ ಅನ್ನೋರು ತಮ್ಮ ತಂಡ ಕಟ್ಟಿಕೊಂಡು ಲಾಸ್ ಏಂಜಲೀಸ್ ಸುತ್ತ 900 ಮೋಟರ್ ಸೈಕಲ್ ಅಪಘಾತದ ಜಾಗಕ್ಕ ಹೋಗಿ ಗಾಡಿ, ರೋಡು, ಹೆಲ್ಮೆಟ್ ಎಲ್ಲಾ ನೋಡಿ 1981ರಾಗ ವರದಿ ಕೊಟ್ರು. ಅಳಿಯ ಓದಿ ಹೇಳಿದ. ಅಪಾಯ ಶುರು ಆದಾಗಿಂದ ಬಡಿಯೂತನ ಗಾಡಿಯವಗ ಸಿಗೋದು ಎರಡು ಸೆಕೆಂಡಿಗಿಂತ ಕಡಿಮಿ ಅಂತ ಅದರಾಗ ಐತಿ. ಬಡದವ್ರು ಭಾಳ ಮಂದಿ ಹಿಂದಿನ ಬ್ರೇಕ್ ಒತ್ತಿ ಜಾರಿಸಿ, ಮುಂದಿಂದು ಹಿಡೀಬೇಕಾದಷ್ಟು ಹಿಡೀದ ಬಿಟ್ಟವ್ರು ಅಂತಾನೂ ಐತಿ. ನಾ ಕಾರಟಗ್ಯಾಗ ಡ್ರಮ್ ಬಿಚ್ಚಿ ನೋಡೋದನ್ನ ಅವರು ಅಲ್ಲಿ ಕುಂತು ಬರದಾರಲ್ಲ ಅನಿಸ್ತು. ರೋಡು ಬ್ಯಾರೆ, ಗಾಡಿ ಬ್ಯಾರೆ, ಗಾಬರಿ ಆದಾಗ ಮನಶ್ಯಾನ ಕಾಲು ಮಾತ್ರ ಒಂದ.

ಇನ್ನ ಆ ಹುಡುಗ ಒಂದು ಮಾತು ಹೇಳಿದ್ದ, ಕನ್ನಡಿ ಬಿಗಿಯೋವಾಗ. ಕಾಕಾ, ನಾ ಟ್ರಾಲಿ ನೋಡ್ಲೇ ಇಲ್ಲ, ಸಂದಿ ನೋಡ್ದೆ ಅಂದ. ಇದು ಬ್ರೇಕಿಗಿಂತ ದೊಡ್ಡ ಮಾತು ನನ್ನ ಪ್ರಕಾರ. ಗಾಡಿ ಕಣ್ಣು ಹೋದ ಕಡೆ ಹೋಗ್ತೈತ್ರಿ. ಸೈಕಲ್ ಕಲಿಯೋವಾಗ ಒಂದು ಕಲ್ಲು ಕಂಡ್ರ ಇಡೀ ಮೈದಾನ ಬಿಟ್ಟು ಅದ ಕಲ್ಲಿಗೆ ಹೋಗಿ ಹೊಡೀತಿದ್ವಲ್ಲ, ನೆನಪ ಮಾಡ್ಕೊಳ್ರಿ. ಅಂಜಿಕಿ ಆದಾಗ ಕಣ್ಣು ಅಂಜಿಕಿ ಹುಟ್ಟಿಸಿದ್ದಕ್ಕ ಅಂಟಿಕೊಂಡು ಬಿಡ್ತೈತಿ, ಹೆಗಲು ಆ ಕಡೆ ಹೊರಳ್ತೈತಿ, ಕೈ ಹೆಗಲಿನ ಹಿಂದ ಹೋಗ್ತೈತಿ, ಗಾಡಿ ಕೈ ಹಿಂದ. ಅದಕ್ಕ ಅಗಲ ರೋಡಿನ್ಯಾಗ ಒಂದ ಒಂದು ಕಂಬ ಇದ್ರೂ ಅದಕ್ಕ ಹೋಗಿ ಬಡದಿರ್ತಾರ, ಜನ ಇದೇನಪ್ಪ ಇಷ್ಟು ಜಾಗ ಇತ್ತಲ್ಲ ಅಂತಾರ. ಜಾಗ ಇತ್ತು, ಅವ ನೋಡ್ಲಿಲ್ಲ. ಬ್ರೇಕ್ ಹಿಡಕೊಂತ ಎಲ್ಲಿ ಹೋಗಬೇಕೋ ಅಲ್ಲಿ ನೋಡೋದನ್ನ ರೂಢಿ ಮಾಡ್ಬೇಕು, ರೋಡಿನ್ಯಾಗ ಗುಂಡಿ ಬಂದಾಗ ಗುಂಡಿ ನೋಡದ ಗುಂಡಿ ಬಾಜೂ ನೋಡಿ ದಾಟ್ರಿ, ಅಲ್ಲಿಂದ ಶುರು ಮಾಡ್ರಿ. ನಮ್ಮ ರೋಡಿನ್ಯಾಗ ಪ್ರಾಕ್ಟೀಸಿಗೆ ಗುಂಡಿ ಕೊರತಿ ಏನಿಲ್ಲ.

(ನಗು. ಪ್ರಿನ್ಸಿಪಾಲ್ರೂ ನಕ್ಕರು.)

ಎದುರಿನವ್ರ ಕಣ್ಣಿಂದೂ ಒಂದು ಮಾತು. ಕ್ಯಾಂಪ್ ಕ್ರಾಸಿನ್ಯಾಗ ಟ್ರ್ಯಾಕ್ಟರಿನವ ನಿಮ್ಮನ್ನ ನೋಡೇ ಅಡ್ಡ ತಂದ್ನಲ್ಲ ಅಂತ ಬೈತೀರಿ. ಅವ ನೋಡಿರ್ತಾನ, ಆದ್ರ ಮೋಟರ್ ಸೈಕಲ್ ಸಣ್ಣದು, ದೂರದಿಂದ ಬರೋವಾಗ ದೊಡ್ಡದಾಗೋದ ಕಾಣಂಗಿಲ್ಲ, ಲಾರಿ ಆದ್ರ ಎದ್ದು ಬಂದಂಗ ಕಾಣ್ತೈತಿ. ಹಂಗಾಗಿ ಗಾಡಿ ಇನ್ನೂ ದೂರ ಐತಿ, ನಿಧಾನ ಐತಿ ಅಂತ ಅವನ ಕಣ್ಣು ಅವಗ ಸುಳ್ಳು ಹೇಳ್ತೈತಿ. 2017ರ ಏಪ್ರಿಲಿಂದ ಹೊಸ ಗಾಡಿಗೆ ಹಗಲೊತ್ತೂ ಹೆಡ್‌ಲೈಟ್ ತಾನ ಹತ್ತಿರಬೇಕು ಅಂತ ಮಾಡಿದ್ದು ಇದಕ್ಕ, ಬ್ಯಾಟರಿ ಹಾಳಾಗ್ತೈತಿ ಅಂತ ಸ್ವಿಚ್ ಹಾಕಿಸಾಕ ನನ್ನ ಕಡೆ ಬರ್ತಾರ ಕೆಲವ್ರು, ನಾ ಹಾಕಂಗಿಲ್ಲ. ಕ್ರಾಸ್ ಬಂದಾಗ ಅವ ನನ್ನ ನೋಡಿಲ್ಲ ಅಂತ ತಿಳಕೊಂಡ ಹೋಗ್ರಿ, ಎರಡು ಬೆರಳು ಬ್ರೇಕ್ ಲಿವರ್ ಮ್ಯಾಲ ಇರ್ಲಿ. ಅಷ್ಟ ಮಾಡಿದ್ರ ಆ ಒಂದು ಸೆಕೆಂಡಿನ್ಯಾಗ ಸ್ವಲ್ಪ ಉಳೀತೈತಿ.

ಈಗ ಭತ್ತದ ವಿಷಯ. ಇಲ್ಲಿ ಅರ್ಧ ಮಂದಿ ರೈತರ ಮಕ್ಕಳ ಅದೀರಿ, ಸಿಟ್ಟಾಗಬ್ಯಾಡ್ರಿ, ನಮ್ಮದೂ ತುಂಗಭದ್ರಾ ಎಡದಂಡಿ ಕಾಲುವಿ ಕೆಳಗ ಸ್ವಲ್ಪ ಹೊಲ ಐತಿ. ರೋಡಿನ ಮ್ಯಾಲ ಭತ್ತ ಹಾಕ್ತಾರ ಬುದ್ಧಿ ಇಲ್ಲ ಅಂತ ಕಾರಿನ್ಯಾಗ ಹೋಗೋರು ಬೈತಾರ. ಮೊದಲ ಕೈಲೆ ಕೊಯ್ದು ಗದ್ದ್ಯಾಗ ಒಣಗಿಸಿ ಕಣದಾಗ ಬಡೀತಿದ್ರು. ಈಗ ಮಷಿನ್ ಬಂದು ಹಸೀ ಇದ್ದಂಗ ಕೊಯ್ದು ಟ್ರಾಲಿಗೆ ಸುರೀತೈತಿ. ಸರಕಾರದ ಖರೀದಿ ಕೇಂದ್ರಕ್ಕ ಒಯ್ದ್ರ ತೇವ 17 ಪರ್ಸೆಂಟ್ ಮೀರಬಾರ್ದು, ಮಿಲ್ಲಿನವ್ರು ತೇವ ಐತಿ ಅಂತ ರೇಟ್ ಮುರೀತಾರ. ಒಣಗಿಸ್ಬೇಕು, ಎಲ್ಲಿ ಒಣಗಿಸ್ಬೇಕು? ಕಣ ಇದ್ದ ಜಾಗಾನೂ ಗದ್ದಿ ಮಾಡೀವಿ. ಬಿಸಿಲಿಗೆ ಕಾದ ಕರೇ ಟಾರು ಬಾಗ್ಲ ಮುಂದ ಐತಿ. ಹಾಕ್ತಾರ. ಊರಿಗೊಂದು ಒಣಗಿಸೋ ಕಟ್ಟಿ ಕಟ್ಟಿಸಿ ಕೊಡದ ಬರೇ ರೈತಗ ಬೈದ್ರ ರೋಡ್ ಖಾಲಿ ಆಗಂಗಿಲ್ಲ, ಇದು ನನ್ನ ಅಭಿಪ್ರಾಯ, ಪಂಚಾಯ್ತಿಯವ್ರು ಯಾರರ ಕುಂತಿದ್ರ ಕೇಳ್ಕೊಳ್ಳಿ.

ಆದ್ರ ಕಲ್ಲಿಗೆ ಮಾಫಿ ಇಲ್ಲ. ರಾಶಿ ಸುತ್ತ ಕಲ್ಲು ಇಡ್ತೀರಿ, ಚೀಲ ತುಂಬಿ ಒಯ್ತೀರಿ, ಕಲ್ಲು ಅಲ್ಲೇ ಬಿಟ್ಟು ಹೋಗ್ತೀರಿ. ಭತ್ತ ಹೋದ ಮ್ಯಾಲೆ ಉಳಿದ ಕಲ್ಲು ಕಾಣಂಗಿಲ್ಲ, ಟಾರಿನ ಬಣ್ಣಾನ ಇರ್ತೈತಿ, ಮುಂದಿನ ಗಾಲಿ ಅದರ ಮ್ಯಾಲ ಹತ್ತಿದ್ರ ಹ್ಯಾಂಡಲ್ ಕೈಯಾಗ ಉಳಿಯಂಗಿಲ್ಲ. ಫೋರ್ಕ್ ಬೆಂಡ್ ಆಗಿ ಬರೋ ಗಾಡಿ ನಮ್ಮಲ್ಲಿ ಡಿಸೆಂಬರಿನ್ಯಾಗ ಒಮ್ಮೆ ಹೆಚ್ಚಾಗ್ತಾವ, ಬೇಸಿಗಿ ಬೆಳಿ ಬಂದಾಗ ಇನ್ನೊಮ್ಮೆ. ಸುಗ್ಗಿ ನಿಮಗೂ ಸುಗ್ಗಿ ನನಗೂ ಸುಗ್ಗಿ ಆಗ್ತೈತಿ, ಆದ್ರ ಆ ರೊಕ್ಕ ನನಗ ಬ್ಯಾಡ್ರಿ. ಕಲ್ಲಿನ ಬದ್ಲಿ ಚೀಲದಾಗ ಉಸುಕು ತುಂಬಿ ಇಡ್ರಿ, ಬಡದ್ರೂ ಹರೀತೈತಿ ಅಷ್ಟ. ಇಲ್ಲಾ ಕಲ್ಲು ಎಣಿಸಿ ಇಡ್ರಿ, ಎಣಿಸಿ ಎತ್ರಿ.

ಹೆಲ್ಮೆಟ್ ಬಗ್ಗೆ ಜಾಸ್ತಿ ಹೇಳಂಗಿಲ್ಲ, ನಿಮಗ ಕೇಳಿ ಬ್ಯಾಸರಾಗೇತಿ. ಕೇಂದ್ರ ಸಾರಿಗೆ ಇಲಾಖೆ ಲೆಕ್ಕದಾಗ 2022ರಾಗ ದೇಶದಾಗ ರಸ್ತೆ ಅಪಘಾತಕ್ಕ ಸತ್ತವ್ರು 1,68,491 ಮಂದಿ, ಅದರಾಗ ನೂರಕ್ಕ 44ಕ್ಕಿಂತ ಹೆಚ್ಚು ಟೂ ವೀಲರಿನವ್ರು, ಹೆಲ್ಮೆಟ್ ಇಲ್ಲದ ಸತ್ತವ್ರು 50 ಸಾವಿರ ದಾಟ್ಯಾರ, ಹಿಂದ ಕುಂತವ್ರೂ ಅದರಾಗ ಅದಾರ. ಐಎಸ್ಐ ಗುರುತು ನೋಡಿ ತಗೊಳ್ರಿ, ಗದ್ದದ ಪಟ್ಟಿ ಹಾಕ್ರಿ, ಹಾಕದಿದ್ರ ಮೊದಲ ಪೆಟ್ಟಿಗೆ ಅದು ತಲಿ ಬಿಟ್ಟು ಹೋಗ್ತೈತಿ, ನಿಮ್ಮ ತಲಿ ಎರಡನೇ ಪೆಟ್ಟಿಗೆ ಬರೀದ ಸಿಗ್ತೈತಿ. ಟ್ಯಾಂಕ್ ಮ್ಯಾಲ ಇಟ್ಟು ಪೊಲೀಸರು ಕಂಡಾಗ ಹಾಕ್ಕೊಳ್ಳೋರಿಗೆ ಏನ್ ಹೇಳ್ಲಿ. ಪೊಲೀಸಪ್ಪ ದೂರದಿಂದ ಕಾಣ್ತಾನ, ಟ್ರಾಲಿ ಕಾಣಂಗಿಲ್ಲ.

ಯಾರರ ಬಿದ್ದದ್ದು ಕಂಡ್ರ 108ಕ್ಕ ಇಲ್ಲಾ 112ಕ್ಕ ಫೋನ್ ಮಾಡ್ರಿ, ಕೇಸಿನ್ಯಾಗ ಸಿಕ್ಕೊಂತೀವಿ ಅಂತ ವಿಡಿಯೋ ಮಾಡ್ಕೊಂತ ನಿಲ್ಲಬ್ಯಾಡ್ರಿ. 2019ರ ತಿದ್ದುಪಡಿ ಆದ ಮ್ಯಾಲೆ ಮೋಟಾರು ವಾಹನ ಕಾಯ್ದೆದಾಗ 134ಎ ಅಂತ ಸೆಕ್ಷನ್ ಐತಿ, ಒಳ್ಳೆ ಮನಸಿಂದ ಸಹಾಯ ಮಾಡಿದವ್ರ ಮ್ಯಾಲ ಕೇಸ್ ಹಾಕಾಕ ಬರಂಗಿಲ್ಲ, ಹೆಸರು ವಿಳಾಸ ಕೊಡ ಅಂತ ಬಲವಂತ ಮಾಡಾಕೂ ಬರಂಗಿಲ್ಲ.

ನಂದು ಇಷ್ಟ. ಪ್ರಶ್ನಿ ಇದ್ರ ಕೇಳ್ರಿ.

(ಮೂರ್ನಾಕು ಪ್ರಶ್ನೆ ಬಂದ್ವು. ಮುಖ್ಯ ಇದ್ದವು ಇವು.)

ಒಬ್ಬ ಹುಡುಗ ಕೇಳಿದ, ಎಬಿಎಸ್ ಗಾಡಿ ಇದ್ರ ಇದೆಲ್ಲಾ ಬೇಕಾಗಂಗಿಲ್ಲ ಅಲ್ರಿ ಅಂತ. ಬೇಕು ತಮ್ಮಾ. 125 ಸಿಸಿ ಮ್ಯಾಲಿನ ಗಾಡಿಗೆ 2019ರಿಂದ ಎಬಿಎಸ್ ಕಡ್ಡಾಯ ಆತು, ಅದು ಗಾಲಿ ಲಾಕ್ ಆಗದಂಗ ನೋಡ್ಕೊಂತೈತಿ, ಗಾಬರಿಗೆ ಒಮ್ಮೆಲೇ ಜಗ್ಗಿದವನ್ನ ಉಳಸ್ತೈತಿ, ಒಳ್ಳೇದ. ಆದ್ರ ನಿನ್ನ ಒಂದು ಸೆಕೆಂಡ್ ಅದು ವಾಪಸ್ ಕೊಡಂಗಿಲ್ಲ, ಉಸುಕು ಭತ್ತದ ಮ್ಯಾಲ ಬೇಗ ನಿಲ್ಸಂಗೂ ಇಲ್ಲ, 80ರಾಗ ಬಂದವಗ 60 ಲೆಕ್ಕ ಅಲ್ಲೂ ಹಂಗ ಬರ್ತೈತಿ.

ಒಬ್ಬ ತಂಗಿ ಸ್ಕೂಟಿ ಬಗ್ಗೆ ಕೇಳಿದ್ಲು, ಎರಡೂ ಬ್ರೇಕ್ ಕೈಯಾಗ ಇರ್ತಾವ, ಯಾವ್ದು ಹಿಡೀಬೇಕು ಅಂತ. ಎರಡೂ ಹಿಡಿಯವ್ವ. ಹೊಸಾ ಸ್ಕೂಟಿಯೊಳಗ ಎಡಗೈ ಬ್ರೇಕ್ ಹಿಡದ್ರ ಮುಂದಿಂದೂ ಸ್ವಲ್ಪ ಹಿಡಿಯೋ ಹಂಗ ಜೋಡಿಸಿರ್ತಾರ, ಸಿಬಿಎಸ್ ಅಂತಾರ, ಆದ್ರ ಅದು ಸ್ವಲ್ಪ ಅಷ್ಟ, ಪೂರಾ ಅಲ್ಲ. ಕಾಲೇಜ್ ಮೈದಾನ ಖಾಲಿ ಇದ್ದಾಗ ಇಪ್ಪತ್ತರ ಸ್ಪೀಡಿನ್ಯಾಗ ನೆಟ್ಟಗ ಹೋಗಿ ಎರಡೂ ನಿಧಾನ ಹಿಂಡಿ ನಿಲ್ಸು, ಆಮ್ಯಾಲೆ ಮೂವತ್ತು. ಸರ್ವೀಸಿಗೆ ಬಿಟ್ಟಾಗ ಮುಂದಿನ ಕೇಬಲ್ಲಿಗೆ ಎಣ್ಣಿ ಬಿಡ ಅಂತ ಬಾಯಿ ಬಿಟ್ಟು ಹೇಳು, ಹೇಳದಿದ್ರ ಭಾಳ ಮೆಕಾನಿಕ್ಕರು ಬಿಡಂಗಿಲ್ಲ.

ಕಡೀಕ ಹಿಂದ ಕುಂತಿದ್ದ ಒಬ್ಬ ಹಿರಿಯರು, ಪಾಲಕರು ಇರ್ಬೇಕು, ಎದ್ದು ನಮ್ಮ ಮನ್ಯಾಗ ಎರಡು ಟ್ರಾಲಿ ಅದಾವ, ರೇಡಿಯಂ ಹಚ್ಚಿದ್ರೂ ಉಳಿಯಂಗಿಲ್ಲಲ್ಲೋ ತಮ್ಮಾ ಅಂದ್ರು. ಯಜಮಾನ್ರ, ಅದು ಉಳಿಯಂಗಿಲ್ಲ ಯಾಕಂದ್ರ ಎಲ್ಲಾರೂ ಹಿಂದಿನ ಹಲಗಿ ನಡುವ ಹಚ್ಚತಾರ. ಹಲಗಿ ತೆಗದು ಹುಲ್ಲು ಹೇರಿದ್ರ ರೇಡಿಯಂ ಮನ್ಯಾಗ, ಟ್ರಾಲಿ ರೋಡಿನ್ಯಾಗ. ಚೀಲ ಜೋತು ಬಿದ್ರೂ ಮುಚ್ಚತೈತಿ. ಕೆಳಗಿನ ಚಾಸಿ ಪಟ್ಟಿಗೆ ಎರಡೂ ಮೂಲಿಗೆ ಹಚ್ರಿ, ಅದು ಎಂದೂ ಬಿಚ್ಚಂಗಿಲ್ಲ. ಎರಡೂ ತುದಿಗೆ ಇದ್ರ ಹಿಂದ ಬರೋವಗ ಟ್ರಾಲಿ ಎಷ್ಟು ಅಗಲ ಐತಿ ಅಂತಾನೂ ತಿಳೀತೈತಿ, ನಡುವ ಒಂದ ಹೊಳದ್ರ ಸೈಕಲ್ ಅಂತ ತಿಳಕೊಂಡು ಬಾಜೂ ನುಗ್ಗತಾನ. ಹಚ್ಚೋಕಿಂತ ಮೊದಲ ತುಕ್ಕು ತಿಕ್ಕಿ, ಪೆಟ್ರೋಲ್ ಅರಿವಿಲೆ ಒರಸಿ, ಒಣಗಿದ ಮ್ಯಾಲೆ ಹಚ್ಚಬೇಕು, ಧೂಳಿನ ಮ್ಯಾಲ ಹಚ್ಚಿದ್ದು ಒಂದ ಮಳಿಗೆ ಉದುರತೈತಿ. ಮತ್ತ ಗದ್ದ್ಯಾಗಿಂದ ಮ್ಯಾಲ ಬಂದಾಗ ಗಾಲಿ ರಾಡಿ ಹಾರಿ ಅದರ ಮ್ಯಾಲ ಕುಂತಿರ್ತೈತಿ, ರೋಡ್ ಹತ್ತೋ ಮುಂಚೆ ಡ್ರೈವರಿಗೆ ಒಂದ್ ಸಲ ಕೈಲೆ ಒರಸು ಅನ್ರಿ. ನಾಳೆ ಎರಡೂ ಟ್ರಾಲಿ ಅಂಗಡಿ ಮುಂದ ತರ್ರಿ, ರೇಡಿಯಂ ರೊಕ್ಕ ಕೊಡ್ರಿ ಸಾಕು, ಕೂಲಿ ಬ್ಯಾಡ. ಹನ್ನೊಂದರ ಮ್ಯಾಲ ಬರ್ರಿ, ಅದಕ್ಕೂ ಮುಂಚೆ ಹಾಲಿನ ಗಾಡ್ಯಾವು ಇರ್ತಾವ.